ಎಡಚನ ಬಲಗೈ ಪ್ರಸಂಗ

ನಾನು ಎಡಚ. ಕಾಲಿಗೆ ಸೋಂಕಾಗಿ ಪ್ಲಿಮತ್ ಹತ್ತಿರದ ಆಸ್ಪತ್ರೆ ಸೇರಿದಾಗ ನರ್ಸ್ ಕಾರ್ಲಾ, "ಡ್ರಿಪ್ ಯಾವ ಕೈಗೆ ಹಾಕಲಿ? ಹೆಚ್ಚು ಬಳಸೋ ಕೈ ಬೇಡ" ಎಂದರು. ಎದೆಯುಬ್ಬಿಸಿ ಬಲಗೈ ಚಾಚಿದೆ. ಬರೆಯುವುದು ಎಡಗೈ, ಡಿಯರ್‌ಬಾರ್ನ್ ಆಫೀಸಿನಲ್ಲಿ ಮೌಸ್ ಹಿಡಿಯುವುದೂ ಎಡಗೈ. ಬಲಗೈಗೆ ಕೆಲಸವೇನಿದೆ? ಅವರು ಮಣಿಕಟ್ಟಿನ ಬಳಿ ಸಣ್ಣ ನಳಿಕೆ ಇಳಿಸಿ, ಮೇಲೆ ಪಾರದರ್ಶಕ ಪಟ್ಟಿ ಅಂಟಿಸಿ, "ಒದ್ದೆ ಮಾಡಬೇಡಿ. ನೋವು, ಊತ, ಏನಿದ್ರೂ ಹೇಳಿ" ಎಂದರು.

ಹೇಳುವುದುಂಟೆ? ಮರುದಿನ ಬೆಳಿಗ್ಗೆಯಿಂದ ಕೈ ಚುರುಚುರು ಎನ್ನುತ್ತಿತ್ತು, ನಿಜ. ಆದರೆ ಅಷ್ಟು ಕೆಲಸದ ನಡುವೆ ಪಾಪ, ಅವರಿಗೇಕೆ ತೊಂದರೆ! ಕೈಯನ್ನು ಕಂಬಳಿಯೊಳಗೆ ಬೆಚ್ಚಗಿಟ್ಟುಕೊಂಡು, ಕೇಳಿದಾಗಲೆಲ್ಲ "ಫೈನ್, ಫೈನ್" ಎಂದೆ.

ಮಧ್ಯಾಹ್ನ ಹೆಂಡತಿ ಸುಮಂಗಲಾ ಅನ್ನ, ಬೇಳೆಸಾರು ತಂದಳು. ಚಮಚ ಮರೆತಿದ್ದಳು. ಆಗ ನನಗೆ ಜ್ಞಾನೋದಯವಾಯಿತು. ಎಡಚನಾದರೂ ನಾನು ಉಣ್ಣುವುದು ಬಲಗೈಯಲ್ಲಿ! ಬಾಲ್ಯದಲ್ಲಿ ಎಡಗೈ ತಟ್ಟೆಗೆ ಹೋದಾಗಲೆಲ್ಲ ಅಜ್ಜಿ ಚಿವುಟಿದ ಫಲ.

"ಒಂದ್ ದಿನ ಎಡಗೈಲೆ ಉಣ್ರಿ, ಯಾರ್ ನೋಡ್ತಾರ?" ಎಂದಳು ಧಾರವಾಡದ ಸುಮಂಗಲಾ.

"ಅಜ್ಜಿ ನೋಡ್ತಾರೆ."

ಅಜ್ಜಿ ತೀರಿಕೊಂಡು ಎಷ್ಟೋ ವರ್ಷವಾಗಿದೆ!

ಬಲಗೈಯಲ್ಲೇ ಉಂಡೆ. ಸಾರು ಮಣಿಕಟ್ಟು ದಾಟಿತು. ಸುಮಂಗಲಾ ಒದ್ದೆ ಟಿಶ್ಯೂವಿನಿಂದ ಒರೆಸಿದಳು. ಪಟ್ಟಿಯ ಅಂಚೆದ್ದು ಸಾರು ಇನ್ನೂ ಒಳಕ್ಕಿಳಿಯಿತು. ಅಷ್ಟರಲ್ಲಿ ಕಾರ್ಲಾ ಬಂದರು. ಕೈ ಮತ್ತೆ ಕಂಬಳಿಯೊಳಗೆ ಹೋಯಿತು.

"ಈ ಸಲ ನೋಡಲೇಬೇಕು. ಕೈ ತೋರಿಸಿ."

ಎಡಗೈ ತೋರಿಸಿದೆ.

"ಇನ್ನೊಂದು."

ಕಂಬಳಿ ಸರಿಸಿ ಅವರು ಗಾಬರಿಯಾದರು. "ಈ ಹಳದಿ ಯಾವಾಗ ಶುರುವಾಯ್ತು?"

"ಊಟದ ಹೊತ್ತಿಗೆ."

ಕೀವೆಂದು ತಿಳಿದು ಇನ್ನೊಬ್ಬ ನರ್ಸನ್ನು ಕರೆದರು. ಇಬ್ಬರೂ ಬಗ್ಗಿ ಗಂಭೀರವಾಗಿ ಪರಿಶೀಲಿಸಿದರು.

"ಖರೇ ಹೇಳ್ರಿ, ಸಾರು ಅಂತ!" ಸುಮಂಗಲಾ ತಿವಿದಳು.

"ಲೆಂಟಿಲ್ ಸೂಪ್" ಎಂದೆ, ಸೀಲಿಂಗ್ ನೋಡುತ್ತ.

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಕಾರ್ಲಾ ಪಟ್ಟಿ ಬಿಚ್ಚಿದರು. ನಗು ನಿಂತಿತು. ಸಾರಿನ ಕೆಳಗೆ ಕೈ ಕೆಂಪಗೆ ಊದಿತ್ತು, ನರ ಹಗ್ಗದಂತೆ ಗಟ್ಟಿಯಾಗಿತ್ತು. ಮೆಲ್ಲಗೆ ಮುಟ್ಟಿದರು. "ಅಯ್ಯಮ್ಮಾ!" ಎಂದು ಚೀರಿದೆ.

"ಹೀಗೇ ಬಿಟ್ಟಿದ್ರೆ ಔಷಧ ನರದಿಂದ ಹೊರಗೆ ಸೋರಿ ಕೈ ಕೆಡ್ತಿತ್ತು" ಎಂದರು. ಒಂದು ಬೈಗುಳವಿಲ್ಲದೆ ನಳಿಕೆ ತೆಗೆದು, ಶಾಖ ಕೊಟ್ಟು, ಎಡಗೈಗೆ ಹೊಸದು ಹಾಕಿದರು. ನನಗೆ ಕಣ್ಣು ತುಂಬಿ ಬಂತು. ಕಾಲು ತೋರಿಸಲು ಬಂದವನ ಕೈ ಉಳಿಸಿದ ಪುಣ್ಯಾತ್ಗಿತ್ತಿ! ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ಈಗ ಬಲಗೈಗೆ ಊತ, ಎಡಗೈಗೆ ಡ್ರಿಪ್. ಸಂಜೆ ಸುಮಂಗಲಾ ತುತ್ತು ಮಾಡಿ ಬಾಯಿಗಿಡುತ್ತಿದ್ದಾಗ ಕಾರ್ಲಾ ಬಂದು "ನೋವಿದೆಯಾ?" ಎಂದರು. ಬಾಯಿ ತುಂಬ ಅನ್ನ. ಏನೂ ಇಲ್ಲವೆಂದು ತಲೆಯಾಡಿಸಹೊರಟೆ.

"ಇವರನ್ನ ಕೇಳಬ್ಯಾಡ್ರಿ, ಕೈ ನೋಡ್ರಿ!" ಸುಮಂಗಲಾ ಧಾರವಾಡದ ಕನ್ನಡದಲ್ಲೇ ಅಪ್ಪಣೆ ಮಾಡಿದಳು.

ಕಾರ್ಲಾಗೆ ಒಂದಕ್ಷರ ಕನ್ನಡ ಬಾರದು. ಆದರೂ ಪೂರ್ತಿ ಅರ್ಥವಾಯಿತು. ಅಂದಿನಿಂದ ಮನೆಗೆ ಹೋಗುವವರೆಗೂ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ!