ಪಿಕಪ್ಪಿನ ಮೇಲಂತಸ್ತು

ಡ್ರೂವೆಟ್ ಕೊಲ್ಲಿ ಪುರಸಭೆಯ ಗಡಿಯೊಳಗೆ ವಾಹನದಲ್ಲಿ ಮಲಗುವುದು ಅಪರಾಧ. ಮಲಗಲು ವಾಹನವಲ್ಲದೆ ಬೇರೇನೂ ಸಿಗದಿರುವುದು ಅಪರಾಧವಲ್ಲ. ವಾರ್ಷಿಕ ವರದಿಯಲ್ಲಿ ಅದನ್ನು ಪ್ರವಾಸೋದ್ಯಮದ ಬೆಳವಣಿಗೆ ಎಂಬ ಶೀರ್ಷಿಕೆಯಡಿ ನಮೂದಿಸಲಾಗಿದೆ.

ಊರಿನಲ್ಲಿ ಮನೆಗಳಿಗೆ ಕೊರತೆಯಿಲ್ಲ. ಕಡಲದಂಡೆಯ ಉದ್ದಕ್ಕೂ ಅವು ಒಂದರ ಪಕ್ಕ ಒಂದು ನಿಂತಿವೆ. ಪ್ರತಿಯೊಂದರ ಬಾಗಿಲಲ್ಲೂ ಕೀಲಿ ಇಡುವ ಪುಟ್ಟ ಪೆಟ್ಟಿಗೆಯಿದೆ. ಶಾಲೆಗಳ ರಜೆಯಲ್ಲಿ ಬ್ರಿಸ್ಬೇನಿನವರು ಬಂದು ಅವನ್ನು ತುಂಬುತ್ತಾರೆ. ಉಳಿದ ದಿನಗಳಲ್ಲಿ ಅವು ಖಾಲಿ. ಆದರೂ ಸಂಜೆಯಾದೊಡನೆ ದೀಪಗಳು ತಾವಾಗಿಯೇ ಹೊತ್ತಿಕೊಳ್ಳುವುದರಿಂದ, ಊರಿನಲ್ಲಿ ಜನರಿದ್ದಾರೆಂದೇ ಹಡಗಿನವರಿಗೆ ತೋರುತ್ತದೆ. ಈ ಮನೆಗಳಲ್ಲಿ ಆರು, ಮೇಯರ್ ಕೀತ್ ಮುಲ್ಡೂನ್ ಅವರವು. ಇದನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ವಸತಿಯ ಸಮಸ್ಯೆಯನ್ನು ಅವರಷ್ಟು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲವೆಂದು, ವಸತಿ ಸಮಿತಿಯ ಅಧ್ಯಕ್ಷತೆಯನ್ನೂ ಅವರಿಗೇ ವಹಿಸಲಾಗಿದೆ.

ವಾಹನಗಳಲ್ಲಿ ಮಲಗುವವರನ್ನು ಹಿಡಿಯುವ ಕರ್ತವ್ಯ ರೇಂಜರ್ ನೊರೀನ್ ಟಕ್‌ವೆಲ್ ಅವರದು. ಬೆಳಕು ಹರಿಯುವ ಹೊತ್ತಿಗೆ ಪುರಸಭೆಯ ಪಿಕಪ್ಪಿನಲ್ಲಿ ಹೊರಟು, ದಂಡೆಯ ಕಾರುಗಳ ಗಾಜು ತಟ್ಟಿ, ಮಲಗಿದವರನ್ನು ಎಬ್ಬಿಸಿ, ದಂಡದ ಚೀಟಿ ಕೊಟ್ಟು ಬರುವುದು ಅವರ ಕೆಲಸ. ವಿಧವೆ, ಮಿತಭಾಷಿ, ನಿವೃತ್ತಿಗೆ ಸಮೀಪದಲ್ಲಿದ್ದವರು.

ಈಸ್ಟರ್ ಕಳೆದ ಮೇಲೆ ಅವರು ಬಾಡಿಗೆಗಿದ್ದ ಮನೆಯೂ ರಜಾಮನೆಯಾಯಿತು. ಅದು ಮೇಯರ್ ಅವರ ಆರರಲ್ಲಿ ಒಂದು. ತೆರವಿನ ವಿಷಯವನ್ನು ಮೇಯರ್ ಪತ್ರ ಬರೆದು ತಿಳಿಸದೆ, ಖುದ್ದಾಗಿ ಒಂದು ಕೇಕು ಹಿಡಿದು ಬಂದು ತಿಳಿಸಿದರು. ಈ ಸೌಜನ್ಯವನ್ನು ಊರು ಈಗಲೂ ನೆನೆಯುತ್ತದೆ.

"ಬೇಜಾರ್ ಮಾಡ್ಕೋಬೇಡ ನೊರೀನ್."

"ಬೇಜಾರೇನಿಲ್ಲ ಕೀತ್. ಎಲ್ಲಿ ಮಲಗ್ಲಿ ಅಂತ ಹೇಳ್ಬಿಡು, ಸಾಕು."

"ನಿಮ್ಮಕ್ಕನ ಮನೆ ಇದೆಯಲ್ಲ?"

"ಅದು ಗಡಿಯಾಚೆ. ನೌಕರರು ಗಡಿ ಒಳಗೇ ವಾಸ ಇರ್ಬೇಕು, ಇಲ್ದಿದ್ರೆ ಮನೆಗೆ ಕಳಿಸ್ತೀವಿ ಅಂತ ನಿಯಮ ತಂದೋನು ನೀನೇ. ಕಳಿಸೋಕೆ ಈಗ ಮನೆನೂ ಇಲ್ಲ."

"ಸ್ವಲ್ಪ ದಿನ ಪಿಕಪ್ಪಲ್ಲೇ…"

"ಪಿಕಪ್ಪಲ್ಲಿ ಮಲಗಿದ್ರೆ ಬೆಳಿಗ್ಗೆ ಎದ್ದು ನನ್ನ ಗಾಜು ನಾನೇ ತಟ್ಬೇಕು ಮಾರಾಯ."

ಮೇಯರ್ ಗಂಭೀರವಾಗಿ ಯೋಚಿಸಿದರು. "ಕೇಕು ತಿನ್ನು, ಒಣಗೋಗುತ್ತೆ," ಎಂದರು.

ಆದರೆ ಅವರು ಕೈಬಿಡುವವರಲ್ಲ. ಮುಂದಿನ ಸಭೆಯಲ್ಲೇ "ವಾಹನವಾಸಕ್ಕೆ ಉಭಯೋಪಯೋಗಿ ಛಾವಣಿ ಡೇರೆಯ ಪ್ರಾಯೋಗಿಕತೆ" ಎಂಬ ವಿಷಯ ಚರ್ಚೆಗೆ ಬಂತು. ಸದರಿ ಡೇರೆಯು ವಾಹನದ ತಲೆಯ ಮೇಲೆ ಪೆಟ್ಟಿಗೆಯಂತೆ ಮಡಚಿ ಕುಳಿತಿರುತ್ತದೆ. ಬಿಚ್ಚಿದರೆ ಹಾಸಿಗೆ ಸಮೇತ ತೆರೆದುಕೊಳ್ಳುತ್ತದೆ. ಏಣಿ ಹತ್ತಿ ಒಳಗೆ ಹೋಗಬೇಕು. ಇದು ಮೊದಲನೆಯ ಉಪಯೋಗ. ಅದರ ಅಂಚಿನಿಂದ ನೆಲದವರೆಗೆ ಬಟ್ಟೆಯ ಗೋಡೆಗಳನ್ನು ಇಳಿಬಿಟ್ಟರೆ ಕೆಳಗೆ ಇನ್ನೊಂದು ಕೋಣೆಯಾಗುತ್ತದೆ. ಇದು ಎರಡನೆಯದು. ನೆಲದ ಮೇಲೆ ಡೇರೆ ಹಾಕುವುದು ನಮ್ಮಲ್ಲಿ ಇನ್ನೊಂದು ಅಪರಾಧವಾದ್ದರಿಂದ, ಎರಡನೆಯ ಉಪಯೋಗವನ್ನು ಅದರ ಚೀಲದಲ್ಲೇ ಇಡತಕ್ಕದ್ದೆಂದು ತೀರ್ಮಾನವಾಯಿತು.

ಡೇರೆ ವಾಹನದ ಮೇಲಿರುವುದರಿಂದ ಅಲ್ಲಿ ಮಲಗುವುದೂ ವಾಹನದಲ್ಲಿ ಮಲಗಿದಂತೆಯೇ ಅಲ್ಲವೇ ಎಂದು ಯಾರೋ ಕೇಳಿದರು. ಕಟ್ಟಡ ಯೋಜನಾಧಿಕಾರಿ ಲೇಟನ್ ಪಾಸ್ಕೋ ಎದ್ದು ನಿಂತರು. ಕ್ವೀನ್ಸ್‌ಲ್ಯಾಂಡಿನ ನಮ್ಮ ಹಿರಿಯರು ಪ್ರವಾಹಕ್ಕೂ ಗೆದ್ದಲಿಗೂ ಹೆದರಿ ಕಂಬಗಳ ಮೇಲೆ ಮನೆ ಕಟ್ಟಿದರು. ಕಾರನ್ನು ಆ ಮನೆಯ ಕೆಳಗೆ ನಿಲ್ಲಿಸಿದರು.

"ಮೇಲೆ ಮನೆ, ಕೆಳಗೆ ಕಾರು. ನಮ್ಮಜ್ಜಿ ಮನೆನೂ ಹಂಗೇ ಇತ್ತು," ಎಂದರು ಲೇಟನ್. "ಇಲ್ಲಿ ಕಂಬದ ಕೆಲಸನೂ ಕಾರೇ ಮಾಡ್ತಾ ಇದೆ, ಅಷ್ಟೇ. ಇದನ್ನ ವಾಹನ ಅನ್ನೋಕಾಗಲ್ಲ. ಇದು ಪಾರಂಪರಿಕ ಮನೆ."

ಅಜ್ಜಿಯ ಮನೆಯನ್ನು ನೆನೆದು ಇಬ್ಬರು ಸದಸ್ಯರು ಕಣ್ಣೊರೆಸಿಕೊಂಡರು. ಪ್ರಾಯೋಗಿಕತೆಯ ಪರೀಕ್ಷೆ ಕಡಲದಂಡೆಯಲ್ಲಿ ನಡೆಯಿತು. ನಮ್ಮಲ್ಲಿ ಯಾವ ಸಾರ್ವಜನಿಕ ಕಾರ್ಯವೂ ಸಾಸೇಜು ಸುಡದೆ ಆರಂಭವಾಗುವುದಿಲ್ಲ, ಸಾಸೇಜು ಸುಡಲಾಯಿತು. ಬ್ರೆಡ್ಡಿನಲ್ಲಿ ಸುತ್ತಿದ ಸಾಸೇಜನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಯರ್ ಏಣಿ ಹತ್ತಿದರು, ಮಲಗಿದರು, ಬಹಳ ಹೊತ್ತು ಇಳಿಯಲಿಲ್ಲ.

"ಹೆಂಗಿದೆ?" ಎಂದು ನೊರೀನ್ ಕೆಳಗಿನಿಂದ ಕೇಳಿದರು.

"ಏನ್ ಕಡಲು ಕಾಣುತ್ತೆ ನೊರೀನ್! ನನ್ನ ಆರು ಮನೆಯಿಂದಲೂ ಇಷ್ಟು ಕಾಣಲ್ಲ!"

ಈ ಮಾತನ್ನು ಆಗ ಯಾರೂ ಹೆಚ್ಚಾಗಿ ಗಮನಿಸಲಿಲ್ಲ. ಡೇರೆ ಪ್ರಾಯೋಗಿಕವೆಂದು ದಾಖಲಾಯಿತು. ನೊರೀನ್ ತಮ್ಮ ಕೆಟಲು, ದಿಂಬು ಮತ್ತು ಗಂಡನ ಭಾವಚಿತ್ರದೊಂದಿಗೆ ಮೇಲಂತಸ್ತಿಗೆ ಹೋದರು. ಕೆಲಸ ಉಳಿಯಿತು.

ತೊಡಕೊಂದು ಉಂಟಾದದ್ದು ಮಾರನೆಯ ಬೆಳಿಗ್ಗೆ. ದಂಡೆಯ ಆಚೆ ತುದಿಯಲ್ಲಿ ಕಾರಿನಲ್ಲಿ ಯಾರೋ ಮಲಗಿದ್ದಾರೆಂದು ದೂರು ಬಂತು. ಪಿಕಪ್ಪು ಹೊರಡಬೇಕಾದರೆ ಮನೆ ಮಡಚಬೇಕು. ನೊರೀನ್ ಕೆಟಲಿನ ನೀರು ಚೆಲ್ಲಿ, ಭಾವಚಿತ್ರ ಇಳಿಸಿ, ಹಾಸಿಗೆ ಒತ್ತಿ, ಪಟ್ಟಿ ಬಿಗಿದು ತಲುಪುವಷ್ಟರಲ್ಲಿ ಅಪರಾಧಿ ಎದ್ದು, ಸ್ನಾನ ಮಾಡಿ, ಕೆಲಸಕ್ಕೆ ಹೋಗಿದ್ದ. ಹೀಗೆ ದಿನವೂ ಆಯಿತು. ಅಪರಾಧಿಗಳು ಸಿಗುವುದೇ ನಿಂತಿತು.

ಮೇಯರ್ ಕಾರಣ ಕೇಳಿದರು.

"ಮನೆ ಮಡಚ್ತಾ ಇದ್ದೆ," ಎಂದರು ನೊರೀನ್.

ಲೇಟನ್ ಇನ್ನೂ ಗುರುತರವಾದ ಲೋಪವೊಂದನ್ನು ಎತ್ತಿ ತೋರಿಸಿದರು: ಪಾರಂಪರಿಕ ಮನೆಯನ್ನು ಅನುಮತಿಯಿಲ್ಲದೆ ಸ್ಥಳಾಂತರಿಸುವಂತಿಲ್ಲ; ರೇಂಜರ್ ಅದನ್ನು ಪ್ರತಿದಿನ ಬೆಳಿಗ್ಗೆ ಸ್ಥಳಾಂತರಿಸುತ್ತಿದ್ದಾರೆ. ಆದಕಾರಣ ಪಿಕಪ್ಪಿನ ಚಕ್ರಗಳಿಗೆ ಅಡ್ಡಗಲ್ಲು ಕೊಡಲಾಯಿತು. ದಂಡೆಯಲ್ಲಿ ಒಂದು ಪ್ರಕಟಣೆಯ ಫಲಕ ನಿಂತಿತು:

"ಸಾರ್ವಜನಿಕರ ಗಮನಕ್ಕೆ. ರೇಂಜರ್ ಅವರು ಇನ್ನು ಮುಂದೆ ಬರುವುದಿಲ್ಲ. ವಾಹನದಲ್ಲಿ ಮಲಗುವ ಅಪರಾಧಿಗಳು ರೇಂಜರ್ ಅವರ ನಿವಾಸದ ಪಕ್ಕದಲ್ಲೇ ಬಂದು ಮಲಗತಕ್ಕದ್ದು. ತಪ್ಪಿದಲ್ಲಿ ಸಿಕ್ಕಿಬೀಳಲಾಗುವುದಿಲ್ಲ."

ಮೊದಲು ಬಂದವನು ಬೇಕರಿಯ ಸಿಯೋಸಿ. ಟೋಂಗಾ ಮೂಲದ ಭಾರಿ ಆಳು. ಊರಿಗೆಲ್ಲ ಮಾಂಸದ ಪೈ ಬೇಯಿಸಿ ಕೊಟ್ಟು, ಪುಟ್ಟ ಕಾರಿನಲ್ಲಿ ಮಂಡಿ ಮಡಚಿ ಮಲಗುತ್ತಿದ್ದವನು.

"ಇಲ್ಲಿ ಮಲಗಿದ್ರೆ ಎಷ್ಟು ದಂಡ ಆಂಟಿ?"

"ಎಲ್ಲಾ ಕಡೆ ಇರೋದೇ."

"ಕೀತ್ ಮನೆ ಬಾಡಿಗೆಗಿಂತ ಕಮ್ಮಿನಾ?"

"ಅದರ ಕಾಲು ಭಾಗನೂ ಇಲ್ಲ ಕಣೋ."

"ಹಂಗಾದ್ರೆ ದಿನಾ ಹಾಕಿ. ನೀರು ಸಿಗುತ್ತಾ?"

ಅಪರಾಧಿಗಳಿಗೆ ನೀರಿಲ್ಲದಿರುವುದು ಅಮಾನವೀಯವೆಂದು ಪುರಸಭೆ ನಲ್ಲಿ ಹಾಕಿಸಿತು. ಬಳಿಕ ಶೌಚಾಲಯ ಬಂತು. ಬಳಿಕ ಆಸ್ಪತ್ರೆಯ ದಾದಿಯರು ಬಂದರು, ಗಣಿತದ ಮೇಷ್ಟ್ರು ಬಂದರು, ಕಡಲಲ್ಲಿ ಮುಳುಗುವವರನ್ನು ಎತ್ತುವ ಹುಡುಗಿ ಬಂದಳು. ನೊರೀನ್ ಬೆಳಿಗ್ಗೆ ಏಣಿ ಇಳಿದು, ಸಾಲಾಗಿ ಗಾಜು ತಟ್ಟಿ ಚೀಟಿ ಕೊಟ್ಟರೆ, ಸಿಯೋಸಿ ಹಿಂದಿನಿಂದಲೇ ಬಿಸಿ ಪೈ ಹಂಚುತ್ತಾ ಬರುತ್ತಿದ್ದ. "ನನಗಿನ್ನೂ ದಂಡ ಬಂದಿಲ್ಲ" ಎಂದು ಮೇಷ್ಟ್ರು ಒಮ್ಮೆ ದೂರು ಕೊಟ್ಟದ್ದೂ ಉಂಟು. ಒಬ್ಬ ಅಪರಾಧಿಯೂ ತಪ್ಪಿಸಿಕೊಳ್ಳದ ಪ್ರದೇಶವೆಂದು ಡ್ರೂವೆಟ್ ಕೊಲ್ಲಿಗೆ ರಾಜ್ಯಮಟ್ಟದ ಪ್ರಶಸ್ತಿ ಫಲಕ ಬಂತು. ಅದನ್ನು ಪಿಕಪ್ಪಿನ ಬಾನೆಟ್ಟಿಗೆ ಜಡಿಯಲಾಗಿದೆ.

ಕ್ರಿಸ್‌ಮಸ್ ಬಂತು. ಮೇಯರ್ ಅವರ ಆರು ಮನೆಗಳೂ ತುಂಬಿ, ಇನ್ನೊಂದು ಕುಟುಂಬ ಜಾಗವಿಲ್ಲದೆ ಉಳಿಯಿತು. ಅವರಿಗೆ ಕಡಲು ಕಾಣುವ ಮೇಲಂತಸ್ತೇ ಬೇಕಿತ್ತು. ಮೇಯರ್ ಅವರಿಗೆ ಏಣಿಯ ನೆನಪಾಯಿತು. ಈ ಸಲವೂ ಅವರು ಖುದ್ದಾಗಿ ಬಂದರು.

"ಕೇಕು ನೋಡಿದ ಕೂಡ್ಲೇ ಗೊತ್ತಾಯ್ತು," ಎಂದರು ನೊರೀನ್.

"ರಜೆ ಮುಗಿಯೋವರೆಗೂ ಮಾತ್ರ. ಪುರಸಭೆಗೂ ಆದಾಯ ಅಲ್ವಾ? ಕೆಳಗೆ ಇನ್ನೊಂದು ಕೋಣೆ ಇದೆಯಲ್ಲ, ಚೀಲದಲ್ಲಿ."

"ಅದು ನೆಲ ಮುಟ್ಟುತ್ತೆ. ನೆಲದ ಮೇಲೆ ಡೇರೆ ಅಪರಾಧ."

"ಹೌದು, ಅಪರಾಧನೇ," ಎಂದು ಮೇಯರ್ ಒಪ್ಪಿದರು. "ಅದಕ್ಕೆ ರೇಂಜರ್ ಇದ್ದಾರಲ್ಲ."

ಅದೇ ವಾರ ನೌಕರರ ವಾಸಸ್ಥಳ ದೃಢೀಕರಣದ ಗಡುವು ಬಂತು. ಮೇಲಂತಸ್ತು ಈಗ ಪ್ರವಾಸಿಗಳದು. ನೊರೀನ್ ಅಲ್ಲಿ ವಾಸವಿಲ್ಲ. ಕೆಳಗಿನ ಕೋಣೆ ಕಾನೂನುಬಾಹಿರವಾದ್ದರಿಂದ ಅದಕ್ಕೆ ವಿಳಾಸವಿಲ್ಲ. ಲೇಟನ್ ತಾವೇ ಬಂದು ತಿಳಿಸಿದರು, ಒಳ್ಳೆಯ ಮನುಷ್ಯ.

"ನೀವು ಇಲ್ಲೇ ಮಲಗ್ತೀರಿ ಅಂತ ಸರ್ಕಾರದ್ದು ಏನಾದ್ರೂ ಒಂದು ಸಾಕ್ಷಿ ಬೇಕು ನೊರೀನ್. ಇಲ್ಲಾಂದ್ರೆ ಶುಕ್ರವಾರಕ್ಕೆ ನಿಮ್ಮ ಕೆಲಸ ಹೋಯ್ತು."

"ಎಂಥ ಸಾಕ್ಷಿ?"

"ಯಾರಾದ್ರೂ ಅಧಿಕಾರಿ, ಇಂಥೋರು ಇಂಥ ಜಾಗದಲ್ಲಿ ಮಲಗಿದ್ದನ್ನ ಕಣ್ಣಾರೆ ನೋಡಿದೀನಿ ಅಂತ ಬರೆದು ಸಹಿ ಹಾಕಿರ್ಬೇಕು."

ನೊರೀನ್ ಜೇಬಿನಿಂದ ದಂಡದ ಪುಸ್ತಕ ತೆಗೆದರು.

ಗುರುವಾರ ಬೆಳಕು ಹರಿಯುವಾಗ ರೇಂಜರ್ ಟಕ್‌ವೆಲ್ ಕೆಳಗಿನ ಕೋಣೆಯ ತಮ್ಮ ಹಾಸಿಗೆಯಿಂದ ಎದ್ದು, ಸಮವಸ್ತ್ರ ತೊಟ್ಟು, ಹೊರಗೆ ಹೋಗಿ, ಡೇರೆಯ ಕಂಬ ತಟ್ಟಿದರು. ಒಳಗಿನಿಂದ ಉತ್ತರ ಬರಲಿಲ್ಲ. ಅವರು ಒಳಗೆ ಹೋಗಿ ಉತ್ತರ ಕೊಟ್ಟರು. ಬಳಿಕ ಹೊರಬಂದು ಚೀಟಿ ಬರೆದರು. ವಾಸಸ್ಥಳ ದೃಢಪಟ್ಟಿತು.

ಈಗ ಆ ಕ್ರಮವೇ ನಡೆದುಕೊಂಡು ಬಂದಿದೆ. ದಂಡವನ್ನು ಸಂಬಳದಲ್ಲೇ ಹಿಡಿಯಲಾಗುತ್ತದೆ. ಅವರಿಗೆ ಅದರ ಬಗ್ಗೆ ದೂರಿಲ್ಲ. ದೂರು ಬಂದದ್ದು ಒಂದೇ, ಮೇಲಂತಸ್ತಿನ ಪ್ರವಾಸಿಗಳಿಂದ: ಕೆಳಗೆ ಯಾರೋ ಬೆಳಿಗ್ಗೆ ಬೆಳಿಗ್ಗೆ ಕಂಬ ತಟ್ಟಿ ನಿದ್ದೆಗೆಡಿಸುತ್ತಾರೆ ಎಂದು. ಪುರಸಭೆ ಸೂಚನೆ ಹೊರಡಿಸಿತು. ಸೂಚನೆ ನ್ಯಾಯವಾದದ್ದೆಂದು ನೊರೀನ್ ಅವರೂ ಒಪ್ಪುತ್ತಾರೆ. ಈಗ ಮೆಲ್ಲಗೆ ತಟ್ಟುತ್ತಾರೆ.