ಯಾವುದಕ್ಕಿಂತ ವಾಸಿ?

ಕಚೇರಿಯ ಬುದ್ಧಿಯನ್ನು ಮನೆಯ ತನಕ ತರುವುದು ಎಲ್ಲರಿಗೂ ಆಗುವುದಿಲ್ಲ. ನನ್ನದಂತೂ ಕೆಂಗೇರಿಯಲ್ಲಿ ಮೆಟ್ರೋ ಇಳಿಯುವಾಗ ಸೀಟಿನ ಮೇಲೇ ಉಳಿದುಬಿಡುತ್ತದೆ. ನಾನು ಒಂದು ವೈದ್ಯಕೀಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನು. ಒಂದೇ ಔಷಧಿಯ ಮೇಲೆ ಬೇರೆ ಬೇರೆ ಕಡೆ ನಡೆದ ಪ್ರಯೋಗಗಳನ್ನೆಲ್ಲ ಕಲೆಹಾಕಿ ಒಂದು ತೀರ್ಮಾನಕ್ಕೆ ಬರುವುದನ್ನು ಮೆಟಾ ಅನಾಲಿಸಿಸ್ ಎನ್ನುತ್ತಾರೆ. ನನ್ನ ಅನ್ನ ಅದರಲ್ಲಿದೆ. ಒಂದು ಪ್ರಯೋಗದಲ್ಲಿ ಔಷಧಿಯನ್ನು ಬರೀ ಸಕ್ಕರೆ ಗುಳಿಗೆಗೆ ಹೋಲಿಸಿರುತ್ತಾರೆ, ಇನ್ನೊಂದರಲ್ಲಿ ಚೆನ್ನಾಗಿ ಕೆಲಸ ಮಾಡುವ ಬೇರೊಂದು ಮಾತ್ರೆಗೆ. ಎರಡೂ ಕಡೆ ಗೆದ್ದಿತೆಂದು ಕಣ್ಣುಮುಚ್ಚಿ ಕೂಡಿಸಬೇಡಿ, ಯಾವುದರ ಎದುರು ಗೆದ್ದಿತು ಎಂದು ಮೊದಲು ಕೇಳಿ ಎಂದು ವರ್ಷವಿಡೀ ವಿದ್ಯಾರ್ಥಿಗಳ ತಲೆ ತಿನ್ನುತ್ತೇನೆ.

ಹೀಗಿರುವಾಗ ಅಮ್ಮನಿಗೆ ಮಂಡಿನೋವು ಶುರುವಾಯಿತು. ನಮ್ಮದು ಲಿಫ್ಟಿಲ್ಲದ ಕಟ್ಟಡದ ಎರಡನೇ ಮಹಡಿ. ಸಂಜೆ ಕೆಳಗಿಳಿದು, ಪಾರ್ಕಿನ ಕಲ್ಲುಬೆಂಚಿನ ಮೇಲೆ ಗೆಳತಿಯರೊಡನೆ ಕೂತು ಎಲ್ಲರ ಮನೆಯ ಸೊಸೆಯಂದಿರನ್ನೂ ವಿಚಾರಿಸಿಕೊಳ್ಳುವುದು ಅವಳ ದಿನದ ಮುಖ್ಯ ಕಾರ್ಯಕ್ರಮ. ಅದು ನಿಂತುಹೋಗಿ, ಬಾಲ್ಕನಿಯಿಂದ ಆ ಬೆಂಚನ್ನೇ ನೋಡುತ್ತ ಕೂರತೊಡಗಿದಳು. "ಡಾಕ್ಟರ್ ಹತ್ರ ಕರ್ಕೊಂಡು ಹೋಗೋಣ ರೀ" ಎಂದಳು ಹೆಂಡತಿ ಸುಮಾ. ಮನೆಯಲ್ಲೇ ತಜ್ಞನಿರುವಾಗ ಡಾಕ್ಟರೇಕೆ ಎಂದು ನಾನೇ ತಡೆದೆ.

ಮಂಡಿನೋವಿನ ಅನುಭವವಿದ್ದವರನ್ನೆಲ್ಲ ಹಿಡಿದು ಕೇಳಿದೆ. ಕಾಮಾಕ್ಷಿಪಾಳ್ಯದ ಅಂಗಡಿಯೊಂದರಲ್ಲಿ ಸಿಗುವ, ಘಾಟು ವಾಸನೆಯ ಹಸಿರೆಣ್ಣೆಯ ವಿಷಯ ಎಲ್ಲರ ಬಾಯಲ್ಲೂ ಬಂತು. ವಿಜಯನಗರದ ಸೋದರತ್ತೆ "ಎಷ್ಟೋ ವಾಸಿ ಕಣೋ" ಎಂದರು. ಭಾವ "ಆ ಎಣ್ಣೆನೇ ವಾಸಿ ಕಣಯ್ಯ" ಎಂದರು. ಕೆಳಗಿನ ಮನೆಯ ಯಜಮಾನರು "ವಾಸಿ ಸಾರ್, ವಾಸಿ" ಎಂದು ಎರಡೆರಡು ಸಲ ಹೇಳಿದರು. ಎಲ್ಲ ವಾಸಿಗಳನ್ನೂ ಕೂಡಿಸಿದೆ. ಇಷ್ಟು ಒಮ್ಮತವನ್ನು ನಾನು ನನ್ನ ವೃತ್ತಿಯಲ್ಲೇ ಕಂಡಿರಲಿಲ್ಲ. ದಿನವೂ ನಾನೇ ಕೂತು ತಿಕ್ಕಿದೆ. ತಿಂಗಳಾದರೂ ಅಮ್ಮ ಬಾಲ್ಕನಿ ಬಿಟ್ಟು ಏಳಲಿಲ್ಲ. "ಮಂಡಿ ಹಂಗೇ ಇದೆ ಕಣೋ, ಮೂಗು ಮಾತ್ರ ಹೋಯ್ತು" ಎಂದಳು.

ಕೋಪ ಬಂದು ಸೋದರತ್ತೆಗೆ ಫೋನ್ ಮಾಡಿ, ವಾಸಿ ಅಂದಿರಲ್ಲ ಎಂದು ಜಗಳಕ್ಕೆ ನಿಂತೆ. "ಏನೂ ಹಚ್ಚದೆ ಸುಮ್ನೆ ಕೂತ್ಕೊಳ್ಳೋದಕ್ಕಿಂತ ವಾಸಿ ಅಂದೆ ಕಣೋ" ಎಂದರು. ಭಾವ ಹೇಳಿದ್ದು, ಮಾತ್ರೆ ನುಂಗಿ ಹೊಟ್ಟೆ ಉರಿಸಿಕೊಳ್ಳುವುದಕ್ಕಿಂತ ವಾಸಿ ಎಂದು. ಕೆಳಗಿನ ಮನೆಯವರದು ಆಪರೇಷನ್‌ಗಿಂತ ವಾಸಿ. ಗುಣವಾಗುವುದಕ್ಕೂ ಇದ್ದುದರಲ್ಲಿ ಮೇಲು ಎನ್ನುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದ. ನೋವು ಹೋಯಿತೆಂದು ಒಬ್ಬರೂ ಹೇಳಿರಲಿಲ್ಲ. ಪಾಠದಲ್ಲಿ ವಿದ್ಯಾರ್ಥಿಗಳು ಮಾಡಿದರೆ ನಾನು ಕೆಂಪು ಗೀಟೆಳೆಯುವ ತಪ್ಪನ್ನು ಅಮ್ಮನ ಮಂಡಿಯ ಮೇಲೆ ತಿಕ್ಕಿದ್ದೆ. ನಾಚಿಕೆಯಾಯಿತು. "ನಡೀರಿ, ಆಟೋ ಕರೀರಿ" ಎಂದಳು ಸುಮಾ.

ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಅಮ್ಮ ಗೊಣಗುತ್ತಲೇ ಮಾಡಿದಳು. ಕೆಲವು ವಾರಗಳ ನಂತರ ಒಂದು ಸಂಜೆ ನಾನು ಮನೆಗೆ ಬಂದಾಗ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ಮಂಡಿ ಹೇಗಿದೆಯಮ್ಮ?"

"ವಾಸಿ ಕಣೋ."

ಬುದ್ಧಿ ಕಲಿತವನು ನಾನು, ಬಿಡುತ್ತೇನೆಯೇ? "ಯಾವುದಕ್ಕಿಂತ?" ಎಂದೆ.

"ನಿನ್ನ ತಲೆಗಿಂತ" ಎಂದು, ಕಂಬಿ ಹಿಡಿದು ಮೆಟ್ಟಿಲಿಳಿದು ಹೋದಳು.