ಸೀಲು ನೋಡಲು ಹೋಗಿ ಗಡ್ಡೆಯಾದ ನೀರು

ಹೆದರಿಕೆಗೆ ಅಜ್ಞಾನವೇ ಕಾರಣ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಪುಕ್ಕಲುತನವೆಲ್ಲ ಕಷ್ಟಪಟ್ಟು ಓದಿ, ಪರೀಕ್ಷೆ ಪಾಸು ಮಾಡಿ ಸಂಪಾದಿಸಿದ್ದು. ವಿಮಾನದ ರೆಕ್ಕೆಗೆ ಮಂಜುಗಡ್ಡೆ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನೋಡುವುದೇ ಅಮೆರಿಕದ ರೆಂಟನ್ ಎಂಬ ಊರಿನ ವಿಮಾನ ಕಂಪನಿಯಲ್ಲಿ ನನ್ನ ಕೆಲಸ. ಸೊನ್ನೆ ಡಿಗ್ರಿಗೆ ನೀರು ಗಡ್ಡೆಯಾಗುತ್ತದೆ ಎಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದನ್ನು ನಾನೂ ನಂಬಿದ್ದೆ. ಆದರೆ ಕಸಕಡ್ಡಿಯಿಲ್ಲದ ನೀರನ್ನು ಅಲುಗಿಸದೆ ಬಿಟ್ಟರೆ, ಸೊನ್ನೆಯ ಕೆಳಗೆ ಇಳಿದರೂ ಅದು ಏನೂ ಅರಿಯದ ಸಾಧುವಿನಂತೆ ನೀರಾಗಿಯೇ ಇರುತ್ತದೆ. ಒಂದು ಪೆಟ್ಟು ಬಿದ್ದರೆ ಸಾಕು, ನೋಡನೋಡುತ್ತಿದ್ದಂತೆ ಗಡ್ಡೆ! ಮೋಡಗಳೊಳಗೆ ಇಂಥ ಹನಿಗಳು ರೆಕ್ಕೆ ಬಂದು ತಗಲುವುದನ್ನೇ ಕಾಯುತ್ತಿರುತ್ತವೆ. ಇದು ತಿಳಿದ ಮೇಲೆ ನಾನು ವಿಮಾನ ಹತ್ತಿರಲಿಲ್ಲ. ಐದು ವರ್ಷ ಊರಿಗೆ ಹೋಗದೆ, ಕೇಳಿದವರಿಗೆಲ್ಲ ರಜೆ ಸಿಗಲಿಲ್ಲ ಎಂದು ಹೇಳಿಕೊಂಡು ಬಂದೆ. ಹೆಂಡತಿಗೂ ಅಷ್ಟೇ ಹೇಳಿದ್ದೆ.

ಆ ಡಿಸೆಂಬರಿನಲ್ಲಿ ಸಿಕ್ಕಿಬಿದ್ದೆ. ಆರು ತಿಂಗಳು ನಮ್ಮೊಂದಿಗಿದ್ದ ಅತ್ತೆ ಗದಗಕ್ಕೆ ಹೊರಟಿದ್ದರು. ನಡುವೆ ವಿಮಾನ ಬದಲಿಸಬೇಕು, ಅವರಿಗೆ ಇಂಗ್ಲಿಷ್ ಬಾರದು. ಹೆಂಡತಿ ಸುಮಾ ನನಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಈ ಸಲ ರಜಾದ ಕಥಿ ಬ್ಯಾಡ್ರೀ. ಅವ್ವನ ಜೋಡಿ ನೀವ ಹೋಗಬೇಕು. ಟಿಕೆಟ್ ಬುಕ್ ಮಾಡೀನಿ," ಎಂದಳು. ಆಮೇಲೆ ಒಂದು ವಾರ ನನಗೆ ಊಟ ಸೇರಲಿಲ್ಲ. ಜ್ವರವಾದರೂ ಬರಲಿ ಎಂದು ಸ್ವೆಟರ್ ಹಾಕದೆ ಓಡಾಡಿದೆ. ಒಂದು ಸೀನೂ ಬರಲಿಲ್ಲ.

ರೆಂಟನ್ನಿಗೆ ಹತ್ತಿರದ ಇಸ್ಸಾಕ್ವಾ ಊರಿನ ಗುಡ್ಡದ ಮೇಲಿನ ನಮ್ಮ ಮನೆಯಲ್ಲಿ ಗ್ಯಾರೇಜಿನ ತುಂಬ ಸಾಮಾನು, ಕಾರು ಮಾತ್ರ ಹೊರಗಿನ ಚಳಿಯಲ್ಲಿ. ಹೊರಡುವ ಬೆಳಿಗ್ಗೆ ಸುಮಾ ಡ್ರೈವರ್ ಸೀಟಿನಲ್ಲಿ ಕೂತಳು, ಪಕ್ಕದಲ್ಲಿ ನಾನು, ಹಿಂದೆ ಅತ್ತೆ. ಅವರ ಕಾಲ ಬಳಿ ಹಿಂದಿನ ದಿನ ತಂದು ಕಾರಿನಲ್ಲೇ ಮರೆತಿದ್ದ ನೀರಿನ ಬಾಟಲಿಗಳಿದ್ದವು. ಅತ್ತೆ ಒಂದನ್ನು ಎತ್ತಿಕೊಂಡರು. ರೈಲ್ವೆ ಸ್ಟೇಷನ್ನಿನಲ್ಲಿ ನೀರು ಕೊಂಡು ಅಭ್ಯಾಸವಾದವರು. ಸೀಲು ಅಸಲಿಯೋ ನಕಲಿಯೋ, ನೀರು ಸೋರುತ್ತದೋ ಎಂದು ಬಾಟಲಿಯನ್ನು ತಲೆಕೆಳಗು ಮಾಡಿ ತಳಕ್ಕೆ ಫಟ್ಟನೆ ಒಂದು ಏಟು ಹಾಕದೆ ಮುಚ್ಚಳ ತೆಗೆಯುವವರಲ್ಲ. ಇಲ್ಲಿ ಅದೆಲ್ಲ ಬೇಡ ಎಂದು ಆರು ತಿಂಗಳು ಹೇಳಿ ನಾನು ಸೋತಿದ್ದೆ. ಅಂದೂ ಏಟು ಬಿತ್ತು. ತಿಳಿಯಾಗಿದ್ದ ನೀರಿನೊಳಗೆ ಬಿಳುಪು ಸರ್ರನೆ ಹರಡಿ ಬಾಟಲಿಯ ತುಂಬ ಗಡ್ಡೆಯಾಯಿತು.

"ಅಯ್ಯ ಶಿವನ! ನೀರ ಕಲ್ಲಾತಲ್ರೀ ಅಳಿಯಾರ!"

ಅವರಿಗಿಂತ ಜೋರಾಗಿ ಕಿರುಚಿದವನು ನಾನು. ಐದು ವರ್ಷ ಮುಚ್ಚಿಟ್ಟಿದ್ದೆಲ್ಲ ಒಂದೇ ಉಸಿರಿಗೆ ಹೊರಬಿತ್ತು: ಮೋಡ, ಹನಿ, ರೆಕ್ಕೆ, ಸುಳ್ಳು ಹೇಳಿದ ರಜೆ. "ಅತ್ತೆ, ನಂಗೆ ಭಯ ಆಗುತ್ತೆ. ನಾನು ಬರಲ್ಲ," ಎಂದೆ. ಸುಮಾ ಎಂಜಿನ್ ಆಫ್ ಮಾಡಿ ನನ್ನನ್ನೇ ನೋಡಿದಳು. ಆ ನೋಟ ಹೊರಗಿನ ಚಳಿಗಿಂತ ತಣ್ಣಗಿತ್ತು.

ಅತ್ತೆ ಬಾಟಲಿಯನ್ನು ತಿರುಗಿಸಿ ನೋಡಿ ಕೇಳಿದರು. "ರೆಕ್ಕಿಗೆ ಬರ್ಫ ಕಟ್ಟಲಾರ್ದಂಗ ಏನರ ಮಾಡ್ಯಾರೋ ಇಲ್ಲೋ?"

"ಮಾಡಿದಾರೆ. ಎಂಜಿನ್ನಿನ ಬಿಸಿ ಗಾಳಿ ರೆಕ್ಕೆ ಒಳಗೆ ಹೋಗುತ್ತೆ. ಎಲ್ರೂ ಹತ್ತು ಸಲ ಚೆಕ್ ಮಾಡ್ತಾರೆ."

"ನೀವು?"

"ಇಪ್ಪತ್ತು ಸಲ."

"ಇಷ್ಟ ಅಂಜೋರು ಇಪ್ಪತ್ತ ಸಲ ನೋಡೀರಂದ್ರ ನನಗ ಚಿಂತಿಲ್ಲ. ಗಾಡಿ ಬಿಡ ಸುಮಾ."

ಅಳಿಯನೆಂಬ ಮರ್ಯಾದೆಗಾದರೂ ಹತ್ತಲೇಬೇಕಾಯಿತು. ಅತ್ತೆ ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟು, ಹೊದ್ದುಕೊಂಡು ಗೊರಕೆ ಹೊಡೆದರು. ಮೋಡ ಕವಿದಾಗಲೆಲ್ಲ ನಾನು ಕಿಟಕಿಯ ಗಾಜಿಗೆ ಮೂಗು ಒತ್ತುತ್ತಿದ್ದೆ. ದಾರಿಯುದ್ದಕ್ಕೂ ರೆಕ್ಕೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಗದಗದಲ್ಲಿ ಅತ್ತೆ ನೆಂಟರನ್ನೆಲ್ಲ ಕೂಡಿಸಿ ಹೇಳಿದರು. "ನಮ್ಮ ಅಳಿಯಾರು ಕಣ್ಣ ಮುಚ್ಚಲಿಲ್ಲ ನೋಡ್ರಿ. ರೆಕ್ಕಿ ಕಾಯ್ಕೋತನ ಬಂದ್ರು."

ಎಲ್ಲರೂ ನನ್ನತ್ತ ಗೌರವದಿಂದ ನೋಡಿದರು. ನಾನು ವಿನಯದಿಂದ ತಲೆ ತಗ್ಗಿಸಿದ್ದೇನೆ ಎಂದುಕೊಂಡಿರಬೇಕು. ನಾನು ಮಾತ್ರ ಅಮೆರಿಕಕ್ಕೆ ಮರಳಲು ಹಡಗೇನಾದರೂ ಇದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದೆ.